ವಿಯೆಟ್ನಾಮಿನಲ್ಲಿ ಸಸ್ಯಾಹಾರಿಗಳು ಅಲ್ಲಿನ ಊಟವನ್ನೇ ಮಾಡಬಹುದೇ?

ಪ್ರಶ್ನೆ: ನಾವು ಶಿರಸಿ ಕಡೆಯವರು. ಡಿಸೆಂಬರಿನಲ್ಲಿ ಯಜಮಾನರು, ಅತ್ತೆ ಮತ್ತು ಹೈಸ್ಕೂಲಿನಲ್ಲಿರುವ ಮಗಳ ಜೊತೆ ಹತ್ತು ದಿನ ವಿಯೆಟ್ನಾಂ ಪ್ರವಾಸಕ್ಕೆ ಹೊರಟಿದ್ದೇವೆ. ಹನೋಯ್, ಹಾ ಲಾಂಗ್ ಕೊಲ್ಲಿ, ಹ್ವೇ, ಹೋಯಿ ಆನ್, ಸೈಗಾನ್ ನೋಡುವುದಿದೆ. ಮೊಟ್ಟೆಯನ್ನೂ ತಿನ್ನದವರು ನಾವು. ಅತ್ತೆಯಂತೂ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಟೂರ್ ಕಂಪನಿಯವರು ಎಲ್ಲ ಊಟವನ್ನೂ ಇಂಡಿಯನ್ ರೆಸ್ಟೋರೆಂಟಿನಲ್ಲೇ ಇಟ್ಟಿದ್ದಾರೆ. ಮಗಳಿಗೆ ಅಲ್ಲಿನವರು ಉಣ್ಣುವುದನ್ನೇ ಉಂಡು ನೋಡುವಾಸೆ. ಮೀನು, ಮಾಂಸ ಬಾಯಿಗೆ ಹೋಗದ ಹಾಗೆ ಅದು ಸಾಧ್ಯವೇ? ಎಲ್ಲೆಲ್ಲಿ ಎಚ್ಚರ ಬೇಕು?

ಉತ್ತರ: ಖಂಡಿತ ಸಾಧ್ಯ. ನಿಮ್ಮ ನಾಲ್ವರಲ್ಲಿ ಅತ್ಯಂತ ಸುಲಭವಾಗಿ ಊಟ ಹೊಂದುವುದು ಬಹುಶಃ ನಿಮ್ಮ ಅತ್ತೆಯವರಿಗೇ. ವಿಯೆಟ್ನಾಮಿನಲ್ಲಿ ಮಹಾಯಾನ ಬೌದ್ಧ ಭಿಕ್ಷುಗಳು ಮತ್ತು ಭಿಕ್ಷುಣಿಯರು ಪೂರ್ಣ ಸಸ್ಯಾಹಾರಿಗಳು. ಗೃಹಸ್ಥರಲ್ಲೂ ಬಹಳ ಮಂದಿ ತಿಂಗಳಲ್ಲಿ ಕೆಲವು ದಿನ ವ್ರತದಂತೆ ಸಸ್ಯಾಹಾರ ಮಾಡುತ್ತಾರೆ. ಈ ಊಟಕ್ಕೆ ಅವರು ‘ಚಯ್’ ಎನ್ನುತ್ತಾರೆ. ಅದಕ್ಕೆ ಬೇರೆಯೇ ಅಂಗಡಿ, ಬೇರೆಯೇ ಅಡುಗೆಮನೆ, ಬೇರೆಯೇ ಸಾಸು, ನೂರಾರು ಬಗೆಯ ಪದಾರ್ಥ ಎಲ್ಲವೂ ಇವೆ. ಕಟ್ಟುನಿಟ್ಟಿನ ಚಯ್ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಜಾತಿಯವೂ ವರ್ಜ್ಯ.

ಹೋಗುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮಾಮೂಲಿ ಹೋಟೆಲಿಗೆ ಹೋಗಿ ‘ಮಾಂಸ ತೆಗೆದು ಕೊಡಿ’ ಎನ್ನುತ್ತಾರೆ. ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಮೇಲಿನ ಮಾಂಸದ ತುಂಡುಗಳನ್ನು ತೆಗೆದು ತರಕಾರಿ ಹಾಕಿ ಕೊಡುತ್ತಾರೆ. ಬಟ್ಟಲಿನಲ್ಲಿರುವ ಸಾರು ಮಾತ್ರ ರಾತ್ರಿಯಿಡೀ ದನದ ಮೂಳೆ ಕುದಿಸಿದ್ದೇ ಆಗಿರುತ್ತದೆ. ಇಂಗ್ಲಿಷ್ ಮೆನುವಿನಲ್ಲಿ ‘ವೆಜಿಟೇಬಲ್ ನೂಡಲ್ ಸೂಪ್’ ಎಂದಿದ್ದರೂ ಎಷ್ಟೋ ಕಡೆ ಕಥೆ ಇದೇ. ಅದಕ್ಕೇ ನನ್ನ ಸಲಹೆ ಇಷ್ಟು: ಮಾಂಸದಡುಗೆಯಿಂದ ಮಾಂಸ ಕಳೆಯಲು ಹೋಗಬೇಡಿ, ಚಯ್ ಅಂಗಡಿಯನ್ನೇ ಹುಡುಕಿಕೊಂಡು ಹೋಗಿ.

ಹುಡುಕುವುದು ಕಷ್ಟವಲ್ಲ. ವಿಯೆಟ್ನಾಮಿ ಭಾಷೆ ಬರೆಯುವುದು ಇಂಗ್ಲಿಷಿನದೇ ಲಿಪಿಯಲ್ಲಿ. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಒಟ್ಟಿಗೆ ಕಂಡರೆ ಅದೇ ಚಯ್. ಎ ಅಕ್ಷರದ ಮೇಲೆ ಅಥವಾ ಕೆಳಗೆ ಚುಕ್ಕೆ, ಗೀಟು ಇರಬಾರದು. ಇದ್ದರೆ ಅದು ಬೇರೆ ಪದ. ಬೋರ್ಡು ಸಾಮಾನ್ಯವಾಗಿ ಹಸಿರು ಇಲ್ಲವೇ ಹಳದಿ, ಎಷ್ಟೋ ಕಡೆ ಕಮಲದ ಚಿತ್ರ. ಫೋನಿನ ಮ್ಯಾಪಿನಲ್ಲಿ ‘ಕ್ವಾನ್ ಚಯ್’ ಅಂದರೆ ಚಯ್ ಅಂಗಡಿ, ‘ಕಮ್ ಚಯ್’ ಅಂದರೆ ಚಯ್ ಅನ್ನದೂಟ, ಎಂದು ಅವರ ಲಿಪಿಯಲ್ಲಿ ಹಾಕಿ ನೋಡಿ. ದೊಡ್ಡ ಪಗೋಡ, ಅಂದರೆ ಬೌದ್ಧ ದೇಗುಲ, ಇರುವ ಬೀದಿಯಲ್ಲಿ ಸಾಮಾನ್ಯವಾಗಿ ಒಂದಾದರೂ ಸಿಗುತ್ತದೆ.

ಕಮ್ ಚಯ್ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಹತ್ತು ಹನ್ನೆರಡು ಬಗೆ ಮಾಡಿಟ್ಟಿರುತ್ತಾರೆ. ತಟ್ಟೆಗೆ ಅನ್ನ ಹಾಕಿ ನಿಮ್ಮ ಬೆರಳನ್ನೇ ನೋಡುತ್ತಾರೆ. ಮೂರೋ ನಾಲ್ಕೋ ಪದಾರ್ಥ ತೋರಿಸಿದರೆ ಸಾಕು. ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಟೋಫು (ಸೋಯಾ ಹಾಲಿನ ಪನೀರ್), ಸೋಯಾ ಸಾಸು, ಮೆಣಸುಕಾಳು, ಸ್ವಲ್ಪ ಸಕ್ಕರೆಯಲ್ಲಿ ಬತ್ತಿಸಿದ ಅಣಬೆ, ಹುರಿದ ಸೊಪ್ಪು, ಉಪ್ಪಿನಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪು ಮಾಮೂಲಿ. ಜೊತೆಗೆ ಒಂದು ಬಟ್ಟಲು ತಿಳಿಸಾರು ಬರುತ್ತದೆ. ಅದರಲ್ಲಿ ಖಾರವಿಲ್ಲ, ಒಗ್ಗರಣೆಯಿಲ್ಲ. ಸಪ್ಪೆಯೆಂದು ಬದಿಗಿಡಬೇಡಿ. ಗಟ್ಟಿ ಉಪ್ಪಿನ ಪದಾರ್ಥಗಳ ನಡುವೆ ಬಾಯಿ ತಿಳಿಯಾಗಲೆಂದೇ ಅದನ್ನು ಹಾಗೆ ಮಾಡಿರುವುದು. ಕೊನೆಯ ನಾಲ್ಕು ತುತ್ತಿಗೆ ಅನ್ನದ ಮೇಲೆ ಸುರಿದುಕೊಂಡೂ ಉಣ್ಣುತ್ತಾರೆ. ಒಂದು ತಟ್ಟೆಗೆ 30,000ದಿಂದ 50,000 ಡಾಂಗ್, ಅಂದರೆ ಹೆಚ್ಚುಕಡಿಮೆ ನೂರರಿಂದ ನೂರ ಎಪ್ಪತ್ತು ರೂಪಾಯಿ. ಮಧ್ಯಾಹ್ನದ ಊಟಕ್ಕೆ ಹನ್ನೊಂದೂವರೆಗೇ ಹೋಗಿ. ಒಂದೂವರೆ ದಾಟಿದರೆ ಪಾತ್ರೆಗಳ ತಳ ಕಾಣುತ್ತಿರುತ್ತದೆ, ಅಂಗಡಿಯವರು ಮಲಗಲು ಹೊರಟಿರುತ್ತಾರೆ.

ಮೆನುವಿನಲ್ಲಿ ಕೋಳಿ, ಮೀನು, ಹಂದಿ ಎಂದೆಲ್ಲ ಬರೆದಿದ್ದರೆ ಗಾಬರಿಯಾಗಬೇಡಿ. ಗೋಧಿಯ ಅಂಟು, ಸೋಯಾ, ಟೋಫುವಿನ ಕೆನೆಪದರ, ಅಣಬೆ ಇವುಗಳಿಂದ ಮಾಂಸದ ರೂಪ ಮಾಡುವುದು ಚಯ್ ಅಡುಗೆಯ ಹಳೆಯ ಕಲೆ. ವ್ರತದ ದಿನವೂ ಅತಿಥಿಗೆ, ಪಿತೃಗಳಿಗೆ ಹಬ್ಬದೂಟದ ನೋಟ ಇರಲಿ ಎಂಬುದು ಅದರ ಹಿಂದಿನ ಆಸೆ. ನೋಡಲು, ಅಗಿಯಲು ಎಷ್ಟು ಹೋಲುತ್ತದೆಂದರೆ ನಿಮ್ಮ ಅತ್ತೆಯವರಿಗೆ ಮನಸ್ಸು ಒಪ್ಪದೆ ಹೋಗಬಹುದು. ಪ್ಯಾಕೆಟ್ಟಿನಲ್ಲಿ ಬರುವ ಇಂಥ ಕೆಲವು ಪದಾರ್ಥಗಳಲ್ಲಿ ಮೊಟ್ಟೆಯ ಬಿಳಿಭಾಗವೂ ಇರುತ್ತದೆ. ಹಾಗಾಗಿ ನೀವು ಇವನ್ನು ಬಿಟ್ಟು ಟೋಫು, ಅಣಬೆ, ಎಳೆ ಹಲಸು, ಸೊಪ್ಪು ಇವುಗಳಿಗೇ ಅಂಟಿಕೊಳ್ಳುವುದು ಮೇಲು. ‘ನುವಕ್ ಮಮ್’ ಎಂದರೆ ಮೀನಿನ ಸಾಸು, ಆದರೆ ಚಯ್ ಮೇಜಿನ ಮೇಲಿನ ಬಾಟಲಿಯಲ್ಲಿ ‘ನುವಕ್ ಮಮ್ ಚಯ್’ ಎಂದಿದ್ದರೆ ಅದು ಮೀನಿನದಲ್ಲ. ಅನಾನಸ್, ಉಪ್ಪು, ಸೋಯಾದಿಂದ ಮಾಡಿದ್ದು.

ಇನ್ನು ತಿಥಿಯ ಮಾತು. ಚಯ್ ವ್ರತದ ಮುಖ್ಯ ದಿನಗಳು ಅವರ ಚಾಂದ್ರಮಾಸದ 1 ಮತ್ತು 15. ಕೆಲವರು ಹಿಂದಿನ ದಿನವನ್ನೂ ಸೇರಿಸಿ ತಿಂಗಳಿಗೆ ನಾಲ್ಕು ದಿನ ಮಾಡುತ್ತಾರೆ. ಅವರ ತಿಂಗಳ ಮೊದಲ ದಿನ ನಮ್ಮ ಪಂಚಾಂಗದ ಅಮಾವಾಸ್ಯೆಗೋ ಮರುದಿನದ ಪಾಡ್ಯಕ್ಕೋ ಬೀಳುತ್ತದೆ, ಹದಿನೈದನೆಯದು ಹುಣ್ಣಿಮೆಯ ಆಚೀಚೆ. ಆ ದಿನ ಬೆಳಗ್ಗೆ ಮಾರುಕಟ್ಟೆಗೆ ಹೋದರೆ ಊರಿನ ಊಟವೇ ಬದಲಾಗಿರುವುದು ಕಾಣುತ್ತದೆ. ನಿನ್ನೆ ಮಾಂಸದ ಶಾವಿಗೆ ಮಾರುತ್ತಿದ್ದ ಹೆಂಗಸು ಇಂದು ‘ಚಯ್’ ಎಂಬ ರಟ್ಟಿನ ಬೋರ್ಡು ತೂಗುಹಾಕಿ ಟೋಫು ಶಾವಿಗೆ ಮಾರುತ್ತಿರುತ್ತಾಳೆ. ಎಷ್ಟೋ ಪಗೋಡಗಳಲ್ಲಿ ಮಧ್ಯಾಹ್ನ ಬಂದವರಿಗೆಲ್ಲ ಊಟ ಇರುತ್ತದೆ. ಹೋಗುವುದಾದರೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಹನ್ನೊಂದು ಗಂಟೆಯೊಳಗೆ ಸೇರಿಕೊಳ್ಳಿ. ತಿನ್ನುವಷ್ಟೇ ಹಾಕಿಸಿಕೊಳ್ಳಿ, ಬಟ್ಟಲಲ್ಲಿ ಅಗುಳು ಬಿಡುವುದನ್ನು ಅಲ್ಲಿ ಯಾರೂ ಇಷ್ಟಪಡುವುದಿಲ್ಲ. ಉಂಡಾದ ಮೇಲೆ ಎಲ್ಲರೂ ತಮ್ಮ ಬಟ್ಟಲು ತೊಳೆಯುತ್ತಿದ್ದರೆ ನೀವೂ ತೊಳೆದಿಡಿ, ಕಾಣಿಕೆ ಡಬ್ಬಿಗೆ ಕೈಲಾದದ್ದು ಹಾಕಿ. ಟಿಕೆಟ್ ಇನ್ನೂ ಬುಕ್ ಆಗಿಲ್ಲದಿದ್ದರೆ ಪಂಚಾಂಗ ನೋಡಿ, ಆ ದಿನ ನೀವು ಹ್ವೇಯಲ್ಲಿರುವಂತೆ ಹೊಂದಿಸಿಕೊಳ್ಳಿ. ಇಡೀ ಪ್ರವಾಸಕ್ಕೆ ಇದರಷ್ಟು ಬೆಲೆಬಾಳುವ ಬದಲಾವಣೆ ಇನ್ನೊಂದಿಲ್ಲ.

ಎಲ್ಲ ಹೊತ್ತೂ ಚಯ್ ಅಂಗಡಿ ಸಿಗುವುದಿಲ್ಲವಲ್ಲ. ಮಾಮೂಲಿ ಹೋಟೆಲಿನಲ್ಲಿ ಕೂರಲೇಬೇಕಾದಾಗ ಎಲ್ಲಿ ಏನು ಅಡಗಿರುತ್ತದೆ ಎಂದು ತಿಳಿದಿರಬೇಕು. ಮೊದಲನೆಯದು ನುವಕ್ ಮಮ್, ಅಂದರೆ ಉಪ್ಪು ಹಾಕಿ ತಿಂಗಳುಗಟ್ಟಲೆ ಹುದುಗಿಸಿದ ಮೀನಿನ ರಸ. ಅದ್ದಿಕೊಳ್ಳುವ ಬಟ್ಟಲಿನಲ್ಲಿ, ಕೋಸಂಬರಿಯಂಥ ಹಸಿ ಪದಾರ್ಥಗಳಲ್ಲಿ, ಟೋಫು ಗೊಜ್ಜಿನಲ್ಲೂ ಅದು ಇರುತ್ತದೆ. ಆದರೆ ಇದನ್ನು ಬೇಡವೆಂದು ಹೇಳುವುದು ಬಹುತೇಕ ಪ್ರವಾಸಿಗರಿಗೆ ಗೊತ್ತು. ಕೈಕೊಡುವುದು ‘ಹಾತ್ ನೇಮ್’ ಎಂಬ ಮಸಾಲೆ ಹರಳು. ಉಪ್ಪಿನ ಹಾಗೆ ಪ್ರತಿ ಒಲೆಯ ಪಕ್ಕದಲ್ಲೂ ಇರುವ ಇದನ್ನು ಸಾಮಾನ್ಯವಾಗಿ ಹಂದಿಯ ಮೂಳೆ, ಮಾಂಸದ ಸಾರದಿಂದ ಮಾಡಿರುತ್ತಾರೆ. ಅಡುಗೆಯವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ, ಬರೀ ರುಚಿ ಪುಡಿ. ‘ಮಾಂಸ ಬೇಡ, ಮೀನಿನ ಸಾಸು ಬೇಡ’ ಎಂದರೂ ಸೊಪ್ಪು ಹುರಿಯುವಾಗ ಒಂದು ಚಮಚ ಬಿದ್ದಿರುತ್ತದೆ. ಟೊಳ್ಳು ದಂಟಿನ ನೀರುಸೊಪ್ಪಿನ ಪಲ್ಯ ಎಲ್ಲೆಲ್ಲೂ ಸಿಗುತ್ತದೆ, ನೋಡಲು ಶುದ್ಧ ಸಸ್ಯಾಹಾರ. ಅದಕ್ಕೆ ಇದರ ಜೊತೆ ಸಿಂಪಿ (ಆಯ್ಸ್ಟರ್) ಸಾಸನ್ನೂ ಹಾಕುವ ಅಂಗಡಿಗಳು ಬಹಳ. ‘ಉಪ್ಪು ಮಾತ್ರ ಹಾಕಿ ಬೇಯಿಸಿದ್ದು’ ಎಂದು ಕೇಳಿದರೆ ಸೊಪ್ಪನ್ನು ಬರೀ ನೀರಿನಲ್ಲಿ ಬೇಯಿಸಿ, ಪಕ್ಕದಲ್ಲಿ ಸೋಯಾ ಸಾಸು ಇಟ್ಟು ಕೊಡುತ್ತಾರೆ. ಅನ್ನದ ಜೊತೆ ಅದು ಚೆನ್ನಾಗಿಯೇ ಹೊಂದುತ್ತದೆ. ಮೂರನೆಯದು ಹಂದಿಕೊಬ್ಬು. ಎಳೆ ಈರುಳ್ಳಿ ಸೊಪ್ಪನ್ನು ಕಾದ ಕೊಬ್ಬಿನಲ್ಲಿ ಬಾಡಿಸಿ ಅನ್ನದ ಮೇಲೆ, ರೊಟ್ಟಿಯ ಮೇಲೆ ಹಾಕುವುದುಂಟು.

ಇದನ್ನೆಲ್ಲ ಬಾಯಲ್ಲಿ ಹೇಳಲು ಹೋಗಬೇಡಿ. ಸ್ವರ ಚೂರು ಏರಿಳಿದರೂ ಅರ್ಥ ಕೆಡುವ ಭಾಷೆ ಅದು. ಮೊದಲ ದಿನವೇ ಹೋಟೆಲಿನ ಕೌಂಟರಿನಲ್ಲಿ ಕೇಳಿ ಒಂದು ಚೀಟಿ ಬರೆಸಿಕೊಳ್ಳಿ: ನಾವು ಚಯ್ ಊಟದವರು, ಮೀನಿನ ಸಾಸು, ಸಿಂಪಿ ಸಾಸು, ಸಿಗಡಿ ಪೇಸ್ಟು, ಮಾಂಸದ ಹಾತ್ ನೇಮ್, ಹಂದಿಕೊಬ್ಬು, ಮೊಟ್ಟೆ ಯಾವುದೂ ಬೇಡ, ಉಪ್ಪು, ಸೋಯಾ ಸಾಸು, ಸಕ್ಕರೆ ಹಾಕಬಹುದು. ಕೊನೆಯ ಸಾಲು ಬಹಳ ಮುಖ್ಯ. ಬೇಡದ್ದನ್ನಷ್ಟೇ ಪಟ್ಟಿ ಮಾಡಿದರೆ ಅಡುಗೆಯವರಿಗೆ ದಾರಿಯೇ ತೋಚದೆ ‘ಇಲ್ಲ’ ಎಂದುಬಿಡುತ್ತಾರೆ. ಅತ್ತೆಯವರಿಗೆ ಇನ್ನೊಂದು ಚೀಟಿ: ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಲೀಕ್ (ಈರುಳ್ಳಿ ಜಾತಿಯದೇ ಒಂದು ದಂಟಿನ ಸೊಪ್ಪು) ಬೇಡ. ಲೀಕ್ ಎಂದು ಬಿಡಿಸಿ ಬರೆಸಲು ಕಾರಣವಿದೆ. ದಕ್ಷಿಣದ ಚಯ್ ಅಡುಗೆಯವರು ಈರುಳ್ಳಿ ಬಿಟ್ಟರೂ ಅದರ ಬದಲಿಗೆ ಲೀಕನ್ನು ಧಾರಾಳವಾಗಿ ಬಳಸುತ್ತಾರೆ.

ಹನೋಯಿಯಲ್ಲಿ ಬೆಳಗಿನ ತಿಂಡಿಗೆ ಬೀದಿಬದಿಯ ‘ಸೊಯ್’ ನೋಡಿ: ಹಬೆಯಲ್ಲಿ ಬೇಯಿಸಿದ ಅಂಟಕ್ಕಿ. ಕಡಲೆಕಾಯಿ ಅಥವಾ ಕಪ್ಪು ಕಾಳಿನೊಂದಿಗೆ ಬೆಂದದ್ದಕ್ಕೆ ಎಳ್ಳು-ಉಪ್ಪಿನ ಪುಡಿ ಉದುರಿಸಿ ಕೊಡುತ್ತಾರೆ, ಅದು ನಿಮಗೆ ಸರಿ. ಹಳದಿ ಬಣ್ಣದ, ಮೇಲೆ ಹೆಸರುಬೇಳೆ ತುರಿದು ಹಾಕಿದ ‘ಸೊಯ್ ಸೆಯೊ’ ಹೆಚ್ಚು ಹೆಸರುವಾಸಿ, ಆದರೆ ಅದರ ಮೇಲೆ ಕೊಬ್ಬು ಸುರಿಯುವ ರೂಢಿ ಇದೆ, ಕರಿದ ಈರುಳ್ಳಿಯೂ ಇರುತ್ತದೆ. ಟೋಫು-ಶಾವಿಗೆ ತಟ್ಟೆಯ ಜೊತೆ ಬರುವ ನೇರಳೆ ಬಣ್ಣದ ಸಾಸು ಹುದುಗಿಸಿದ ಸಿಗಡಿಯದು, ಟೋಫು ಕರಿದ ಎಣ್ಣೆಯೂ ಬೇರೆಯದಿರುವುದಿಲ್ಲ. ಹನೋಯಿಯ ಪ್ರಸಿದ್ಧ ಮೊಟ್ಟೆ ಕಾಫಿ 1946ರ ಹೊತ್ತಿಗೆ ಹಾಲಿನ ಕೊರತೆಯಿಂದ ಹುಟ್ಟಿದ್ದು, ಅದರ ನೊರೆಯೆಲ್ಲ ಮೊಟ್ಟೆಯ ಹಳದಿ. ನೀವು ತೆಂಗಿನಹಾಲಿನ ಕಾಫಿ ಕುಡಿಯಿರಿ.

ಹ್ವೇಗೆ ಕನಿಷ್ಠ ಎರಡು ಪೂರ್ಣ ದಿನ ಕೊಡಿ. 1802ರಿಂದ 1945ರವರೆಗೆ ಙುಯೆನ್ ಅರಸರ ರಾಜಧಾನಿ, ಊರಿನ ಸುತ್ತ ನೂರಾರು ಪಗೋಡಗಳು. ಅರಮನೆಯ ಅಲಂಕಾರ ಮತ್ತು ಮಠದ ನಿಯಮ ಎರಡೂ ಸೇರಿ ಇಲ್ಲಿನ ಚಯ್ ಅಡುಗೆ ದೇಶದಲ್ಲೇ ಮೇಲ್ಮಟ್ಟದ್ದು. ಶಿರಸಿಯವರಾದ ನೀವು ತಪ್ಪದೆ ಕೇಳಬೇಕಾದದ್ದು ‘ಮೀತ್ ಚೊನ್’, ಅಂದರೆ ಎಳೆ ಹಲಸಿನಕಾಯಿಯದು. ಕಾಯಿಯನ್ನು ಬೇಯಿಸಿ, ತಣಿಸಿ, ಕೈಯಲ್ಲೇ ಎಳೆಎಳೆಯಾಗಿ ಸೀಳಿ, ಹುರಿದ ಕಡಲೆಕಾಯಿ, ಎಳ್ಳು, ಹಸಿಮೆಣಸು, ಘಾಟಿನ ಸೊಪ್ಪುಗಳ ಜೊತೆ ಕಲಸುತ್ತಾರೆ. ಅದರ ಪಕ್ಕಕ್ಕೆ ಕೆಂಡದಲ್ಲಿ ಸುಟ್ಟ ಎಳ್ಳಿನ ಅಕ್ಕಿ ಹಪ್ಪಳ. ಚಮಚ ಬೇಕಿಲ್ಲ; ಹಪ್ಪಳ ಮುರಿದು ಅದರಲ್ಲೇ ಎತ್ತಿ ತಿನ್ನುತ್ತಾರೆ. ನಮ್ಮ ಹಲಸಿನಕಾಯಿ ಪಲ್ಯದಲ್ಲಿ ತೆಂಗಿನಕಾಯಿ, ಒಗ್ಗರಣೆ ಮುಂದೆ ನಿಂತರೆ ಇಲ್ಲಿ ಹಲಸಿನ ನಾರೇ ಮುಂದೆ. ಮಾಮೂಲಿ ಹೋಟೆಲಿನಲ್ಲಿ ಇದಕ್ಕೆ ಸಿಗಡಿ, ಹಂದಿ ಸೇರಿಸುತ್ತಾರೆ, ಹಾಗಾಗಿ ಚಯ್ ಅಂಗಡಿಯಲ್ಲೇ ತಿನ್ನಿ. ದೊಡ್ಡ ಅತ್ತಿಯ ಜಾತಿಯ ಹಸಿ ಕಾಯಿಯನ್ನೂ ಇದೇ ರೀತಿ ಮಾಡುತ್ತಾರೆ. ಹ್ವೇಯ ಖಾರದ ಶಾವಿಗೆಯ ಚಯ್ ರೂಪದಲ್ಲಿ ನಿಂಬೆಹುಲ್ಲಿನ ಪರಿಮಳ ಗಾಢವಾಗಿರುತ್ತದೆ; ಇಡೀ ದೇಶದಲ್ಲಿ ಖಾರ ತಿನ್ನುವ ಊರೆಂದರೆ ಇದೇ. ಡಿಸೆಂಬರಿನಲ್ಲಿ ಅಲ್ಲಿ ಮಳೆ ಹಿಡಿದುಕೊಂಡಿರುತ್ತದೆ, ಕೊಡೆ ಇರಲಿ.

ಹೋಯಿ ಆನ್‌ನಲ್ಲಿ ಅರ್ಧ ದಿನದ ಅಡುಗೆ ತರಗತಿಗಳು ಬಹಳ ನಡೆಯುತ್ತವೆ. ಮಗಳಿಗೆ ಒಂದಕ್ಕೆ ಸೇರಿಸಿ, ಆದರೆ ಚಯ್ ಪಾಠವೇ ಬೇಕೆಂದು ಎರಡು ದಿನ ಮೊದಲೇ ತಿಳಿಸಬೇಕು. ಅಕ್ಕಿ ಕಾಗದದ ಸುರುಳಿ ಕಲಿಯುವುದು ಇಲ್ಲೇ. ಆ ತೆಳು ಹಾಳೆಯನ್ನು ತಣ್ಣೀರಿನಲ್ಲಿ ಎರಡು ಮೂರು ಸೆಕೆಂಡು ಅದ್ದಿ, ಇನ್ನೂ ಬಿರುಸಾಗಿರುವಾಗಲೇ ತೆಗೆದು ತಟ್ಟೆಗೆ ಹಾಸಬೇಕು. ಮೆತ್ತಗಾಗುವುದು ತಟ್ಟೆಯ ಮೇಲೆ, ಅರ್ಧ ನಿಮಿಷದಲ್ಲಿ. ನೀರಿನಲ್ಲೇ ಮೆತ್ತಗಾಗಲೆಂದು ಕಾದರೆ ಅಥವಾ ಬಿಸಿನೀರು ಬಳಸಿದರೆ ಅಂಟಂಟಾಗಿ ಹರಿಯುತ್ತದೆ. ನಿಮ್ಮ ಕಡೆಯ ಅಂಚಿನಿಂದ ಮೂರನೇ ಒಂದು ಭಾಗ ಬಿಟ್ಟು ಮೊದಲು ಲೆಟ್ಯೂಸ್ ಎಲೆ, ಅದರ ಮೇಲೆ ಸೊಪ್ಪುಗಳು, ಅಕ್ಕಿ ಶಾವಿಗೆ, ಟೋಫು. ಎಲೆ ತಳದಲ್ಲಿದ್ದರೆ ಶಾವಿಗೆಯ ಪಸೆ ಹಾಳೆಗೆ ತಾಗುವುದಿಲ್ಲ. ಕೆಳಗಿನ ಅಂಚು ಮೇಲೆ ಮಡಚಿ, ಎರಡೂ ಬದಿ ಒಳಕ್ಕೆ ತಂದು, ಬಿಗಿಯಾಗಿ ಸುತ್ತಿ. ತುಂಬ ತುಂಬಿಸಿದರೆ ಮೊದಲ ಕಚ್ಚಿಗೇ ಬಿಚ್ಚಿಹೋಗುತ್ತದೆ. ಅದ್ದಿಕೊಳ್ಳಲು ಎರಡು ಚಮಚ ಸಕ್ಕರೆಯನ್ನು ನಾಲ್ಕು ಚಮಚ ಬಿಸಿನೀರಿನಲ್ಲಿ ಕರಗಿಸಿ, ಆರಿದ ಮೇಲೆ ಎರಡು ಚಮಚ ಸೋಯಾ ಸಾಸು, ಎರಡು ಚಮಚ ನಿಂಬೆರಸ, ಕೊನೆಗೆ ಹೆಚ್ಚಿದ ಹಸಿಮೆಣಸು. ನಿಂಬೆರಸವನ್ನು ಬಿಸಿಯಲ್ಲೇ ಹಾಕಿದರೆ ಪರಿಮಳ ಹೋಗಿ ಕಹಿಯಾಗುತ್ತದೆ.

ಸೊಪ್ಪಿನ ತಟ್ಟೆಯ ಬಗ್ಗೆ ಒಂದು ಎಚ್ಚರಿಕೆ. ಪುದೀನ, ಕಾಮಕಸ್ತೂರಿ ಜಾತಿಯ ಎಲೆ, ನೇರಳೆ ಬೆನ್ನಿನ ಪೆರಿಲ್ಲಾ ಇವುಗಳ ನಡುವೆ ಹೃದಯಾಕಾರದ, ಅಡಿಭಾಗ ತುಸು ಕೆಂಪಾದ ಒಂದು ಎಲೆ ಇರಬಹುದು. ಅದನ್ನು ಹಿಸುಕಿದರೆ ಹಸಿ ಮೀನಿನದೇ ವಾಸನೆ. ತಟ್ಟೆಗೆ ಮೀನು ತಾಗಿದೆ ಎಂದುಕೊಂಡು ಇಡೀ ಊಟ ಬಿಟ್ಟೆದ್ದವರಿದ್ದಾರೆ. ಅದು ಆ ಎಲೆಯ ಹುಟ್ಟುಗುಣ. ಇಷ್ಟವಾಗದಿದ್ದರೆ ಅದೊಂದನ್ನೇ ಬದಿಗಿಡಿ.

ಸೈಗಾನಿನಲ್ಲಿ ಹುಣಸೆ, ಅನಾನಸ್, ಟೊಮೆಟೊ, ಬೆಂಡೆಕಾಯಿ ಹಾಕಿದ ಹುಳಿಸಾರಿನ ಚಯ್ ರೂಪ ಕೇಳಿ. ಅದರಲ್ಲಿ ಸ್ಪಂಜಿನಂತೆ ರಸ ಹೀರಿಕೊಂಡಿರುವ ತುಂಡುಗಳು ಕೆಸುವಿನ ಜಾತಿಯ ದಂಟು. ತುರಿಸುತ್ತದೆಂದು ಹೆದರಬೇಡಿ, ಸಿಪ್ಪೆ ಸುಲಿದು ಉಪ್ಪಿನಲ್ಲಿ ತಿಕ್ಕಿ ಹಿಂಡಿಯೇ ಹಾಕಿರುತ್ತಾರೆ. ಒಂದು ದಿನ ಬಿಡುವಿದ್ದರೆ ತೇ ನಿನ್‌ಗೆ ಹೋಗಿಬನ್ನಿ. 1926ರಲ್ಲಿ ಸ್ಥಾಪನೆಯಾದ ಕಾವ್ ದಾಯ್ ಧರ್ಮದ ಮುಖ್ಯ ದೇಗುಲ ಅಲ್ಲಿದೆ. ಅದರ ಅನುಯಾಯಿಗಳು ತಿಂಗಳಿಗೆ ಆರು ಅಥವಾ ಹತ್ತು ದಿನ, ಮೇಲಿನ ಹಂತದವರು ಸದಾಕಾಲ ಚಯ್ ಊಟ ಮಾಡುವುದರಿಂದ ಆ ಊರಿನಲ್ಲಿ ಚಯ್ ಅಂಗಡಿ ಹುಡುಕುವ ಕೆಲಸವೇ ಇಲ್ಲ.

ಬ್ರೆಡ್ಡಿನ ‘ಬಾನ್ ಮೀ’ಯನ್ನು ಚಯ್ ಗಾಡಿಯಲ್ಲೇ ಕೊಳ್ಳಿ, ಬೇರೆ ಗಾಡಿಯಲ್ಲಿ ಒಳಗೆ ಮೊದಲು ಸವರುವುದೇ ಯಕೃತ್ತಿನ ಪೇಸ್ಟು. ಚಯ್ ಗಾಡಿಯಲ್ಲೂ ಹಳದಿ ಬೆಣ್ಣೆಯಂತೆ ಕಾಣುವುದು ಮೊಟ್ಟೆ-ಎಣ್ಣೆಯ ಸಾಸಿರಬಹುದು, ಚೀಟಿ ತೋರಿಸಿ. ಹಳದಿ ನೂಡಲ್ಸಿನಲ್ಲಿ ಮೊಟ್ಟೆ ಇರುವುದು ಸಾಮಾನ್ಯ, ಬಿಳಿಯವು ಅಕ್ಕಿಯವು.

ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಎಂಜಲಿನ ಪ್ರಶ್ನೆ ಬರುತ್ತದೆ. ಅನ್ನದ ಬಟ್ಟಲು ಒಬ್ಬೊಬ್ಬರಿಗೆ ಒಂದು, ಪದಾರ್ಥಗಳು ನಡುವೆ ಎಲ್ಲರಿಗೂ ಸೇರಿ. ಉಣ್ಣುವ ಕಡ್ಡಿಯೇ ಅದರೊಳಗೂ ಹೋಗುತ್ತದೆ. ಅತ್ತೆಯವರಿಗೆ ಊಟ ಶುರುವಾಗುವ ಮೊದಲೇ ಒಂದು ತಟ್ಟೆಯಲ್ಲಿ ಬೇರೆ ತೆಗೆದಿಡಲು ಕೇಳಿ, ಮಠದ ನಿಯಮ ಬಲ್ಲವರಿಗೆ ಇಂಥ ನೇಮ ಅರ್ಥವಾಗುತ್ತದೆ. ಕಿರಿಯರು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ‘ಊಟ ಮಾಡಿ’ ಎಂದು ಹೇಳಿದ ಮೇಲೆಯೇ ಉಣ್ಣಲು ಶುರುಮಾಡುತ್ತಾರೆ, ಅಲ್ಲಿಯವರೆಗೆ ಕಾಯಿರಿ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬಾರದು, ಅದು ಸತ್ತವರ ಮುಂದೆ ಊದುಬತ್ತಿ ಹಚ್ಚಿದಂತೆ.

ಅತ್ತೆಯವರಿಗೆ ಮೊಸರನ್ನ ಬೇಕೇಬೇಕೆಂದರೆ ದಾರಿಯಿದೆ. ಅಲ್ಲಿನ ಮೊಸರು ಸಾಮಾನ್ಯವಾಗಿ ಸಿಹಿ. ಸೂಪರ್ ಮಾರ್ಕೆಟ್ಟಿನಲ್ಲಿ ಸಕ್ಕರೆಯಿಲ್ಲದ್ದೂ ಸಿಗುತ್ತದೆ. ಕೆಲವದರಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜಿಲೆಟಿನ್ ಇರುವುದರಿಂದ ಡಬ್ಬಿಯ ಮೇಲಿನ ಪಟ್ಟಿ ಓದಿ ಕೊಳ್ಳಿ. ಬಿಳಿ ಅನ್ನ ಎಲ್ಲ ಕಡೆಯೂ ಸಿಗುತ್ತದೆ. ಒಂದು ಡಬ್ಬಿ ಚಟ್ನಿಪುಡಿ ಜೊತೆಗಿರಲಿ. ಹಸಿ ಸೊಪ್ಪನ್ನು ಮೊದಲೆರಡು ದಿನ ಅವರಿಗೆ ಕೊಡಬೇಡಿ, ಬಿಸಿಯಾಗಿ ಬೆಂದದ್ದೇ ಸಾಕು.

ಟೂರ್ ಕಂಪನಿಗೆ ಈಗಲೇ ಇಮೇಲ್ ಬರೆಯಿರಿ. ಹ್ವೇ, ಹೋಯಿ ಆನ್, ಸೈಗಾನಿನ ಎಲ್ಲ ಮಧ್ಯಾಹ್ನದೂಟ ರದ್ದುಮಾಡಿ ಆ ಹಣ ಕಡಿತಗೊಳಿಸಲು ಹೇಳಿ. ದಣಿದು ಬರುವ ರಾತ್ರಿಗಳಿಗೆ ಎರಡು ಮೂರು ಇಂಡಿಯನ್ ಊಟ ಉಳಿಸಿಕೊಳ್ಳಿ. ಹಾ ಲಾಂಗ್ ಹಡಗಿನಲ್ಲಿ ಮಾತ್ರ ಏನನ್ನೂ ಅದೃಷ್ಟಕ್ಕೆ ಬಿಡಬೇಡಿ: ಅಲ್ಲಿನ ಊಟ ಮೊದಲೇ ನಿಗದಿಯಾದ ಮೀನು-ಸಿಗಡಿಯದು, ನಡುನೀರಿನಲ್ಲಿ ಬೇರೆ ಅಂಗಡಿ ಇಲ್ಲ. ಹಡಗಿನವರು ಸಾಮಾನು ತುಂಬಿಸಿಕೊಳ್ಳುವ ಮೊದಲೇ, ಅಂದರೆ ಕನಿಷ್ಠ ಮೂರು ದಿನ ಮುಂಚೆ, ‘ನಾಲ್ಕು ಚಯ್ ಊಟ, ಮೊಟ್ಟೆಯಿಲ್ಲ, ಒಂದರಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇಲ್ಲ’ ಎಂದು ಲಿಖಿತವಾಗಿ ತಿಳಿಸಿ, ಹಡಗಿನವರ ಒಪ್ಪಿಗೆಯನ್ನೂ ಲಿಖಿತವಾಗಿಯೇ ತರಿಸಿಕೊಳ್ಳಿ.